ಬ್ಯಾರನ್ನಿನ ಟೋಪಿ ನಟ್ಟು

ನಮ್ಮ ಅಡುಗೆಮನೆಯ ಹಿಂದಿನ ಗೋಡೆ ವರ್ಷದಲ್ಲಿ ಮೂರು ತಿಂಗಳು ಬಿಸಿಯಾಗಿರುತ್ತಿತ್ತು. ಅದರಾಚೆಗೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು. ಕಂಪಲಾಪುರದ ಸುತ್ತಿನ ಊರುಗಳಲ್ಲಿ ಬ್ಯಾರನ್ನನ್ನು ಮನೆಯಿಂದ ದೂರ, ಹೊಲದ ಅಂಚಿಗೆ ಕಟ್ಟುತ್ತಾರೆ. ನಮ್ಮ ತಾತ ಮಾತ್ರ ಒಂದು ಗೋಡೆಯ ಇಟ್ಟಿಗೆ ಉಳಿಯುತ್ತದೆಂದು ಮನೆಗೇ ಅಂಟಿಸಿ ಕಟ್ಟಿದ್ದ. ಹಾಗಾಗಿ ಒಂದೇ ಗೋಡೆಯ ಈಚೆಗೆ ನಾವು ಆರು ಜನ, ಆಚೆಗೆ ಸೊಪ್ಪು. ಸೊಪ್ಪಿಗೆ ಸಿಗುತ್ತಿದ್ದ ಮರ್ಯಾದೆ ಜನಕ್ಕೆ ಸಿಗುತ್ತಿರಲಿಲ್ಲ. ಬ್ಯಾರನ್ನಿನೊಳಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ, ಎಂಜಲು ಕೈಯಲ್ಲಿ ಬಾಗಿಲು ಮುಟ್ಟುವಂತಿಲ್ಲ, ಸೊಪ್ಪು ಬಣ್ಣಕ್ಕೆ ತಿರುಗುವ ಹೊತ್ತಲ್ಲಿ ಗೋಡೆಯ ಹತ್ತಿರ ಜೋರಾಗಿ ಜಗಳ ಕೂಡ ಆಡುವಂತಿಲ್ಲ. ಜಗಳವೇನಿದ್ದರೂ ನಡುಮನೆಯಲ್ಲಿ, ಸಣ್ಣ ಗಂಟಲಲ್ಲಿ. ನಮ್ಮ ಮನೆಯವರೆಲ್ಲ ಇವತ್ತಿಗೂ ಸಿಟ್ಟು ಬಂದರೆ ದನಿ ತಗ್ಗಿಸುತ್ತೇವೆ. ಅದು ಸಂಸ್ಕಾರವೆಂದು ಹೊರಗಿನವರು ತಿಳಿಯುತ್ತಾರೆ.

ಈ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ; ಅದನ್ನು ಯಾರೂ ತಟ್ಟೆಯಲ್ಲಿಟ್ಟು ಕೊಡಲಿಲ್ಲ. ಹುಣಸೂರಿನ ನನ್ನ ಶಾಲೆಯ ಮಕ್ಕಳು ವಿಜ್ಞಾನವನ್ನೇ ಯಾಕೆ ತೆಗೆದುಕೊಂಡಿರಿ ಮಿಸ್ ಎಂದು ಕೇಳಿದಾಗ ನಮ್ಮ ಹಳೆಯ ಮೇಷ್ಟರ ಹೆಸರು ಹೇಳಿ ಮುಗಿಸಿಬಿಡುತ್ತೇನೆ. ನಿಜವಾದ ಕಾರಣ ಹೇಳಬೇಕೆಂದರೆ ಚಿಕ್ಕಮ್ಮನಿಂದ ಶುರುಮಾಡಬೇಕು, ಅಷ್ಟು ಹೊತ್ತು ಯಾರಿಗಿದೆ.

ಚಿಕ್ಕಪ್ಪನ ಹೆಂಡತಿ ಸಾಲಿಗ್ರಾಮದ ಕಡೆಯವಳು. ಕಾವೇರಿ ನಾಲೆಯ ನೀರು ಕುಡಿದು, ಮೂರು ಹೊತ್ತೂ ಅನ್ನ ಉಂಡು ಬೆಳೆದವಳು. ನಮ್ಮದು ಮಳೆ ನಂಬಿದ ಕೆಂಪು ನೆಲ. ಹೊಗೆಸೊಪ್ಪು, ರಾಗಿ, ಅವರೆ. ಬಂದ ಮೊದಲ ವಾರ ಅವಳು ಮುದ್ದೆಯನ್ನು ಅಗಿದು ತಿನ್ನುವುದನ್ನು ನೋಡಿ ಅಜ್ಜಿ ತಟ್ಟೆ ಕೆಳಗಿಟ್ಟು ನಕ್ಕಿದ್ದಳು. ಅಜ್ಜಿ ಎಂದರೆ ಅಪ್ಪನ ತಾಯಿ, ಮನೆಯ ಬೀಗದ ಕೈ ಅವಳ ಸೊಂಟದಲ್ಲಿ. ಆಮೇಲೆ ಎರಡು ವರ್ಷ ಕಳೆದರೂ ಚಿಕ್ಕಮ್ಮ ಉಣ್ಣಲು ಕುಳಿತಾಗ ಅಜ್ಜಿ ಅದೇ ಮಾತು ತೆಗೆಯುತ್ತಿದ್ದಳು.

"ಅನ್ನದ ಸೀಮೆಯೋಳು ಕಣವ್ವ. ಮುದ್ದೆಗೂ ಅಲ್ಲು ಬೇಕು ಇವ್ಳಿಗೆ."

ಚಿಕ್ಕಮ್ಮ ತುತ್ತು ಅಗಿಯುತ್ತಲೇ ಇರುತ್ತಿದ್ದಳು. ಅವಳ ಅಪ್ಪ ಸಾಲಿಗ್ರಾಮದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ. ಗಂಡುಮಕ್ಕಳಿಲ್ಲದ ಆ ಮನೆಯಲ್ಲಿ ಬೆಲ್ಟು ಬಿಗಿಯುವುದು, ಬೇರಿಂಗಿಗೆ ಗ್ರೀಸು ತುಂಬುವುದು, ಸ್ಪ್ಯಾನರ್ ಹಿಡಿಯುವುದು ಇವಳ ಪಾಲಿಗೆ ಬಂದಿತ್ತು. ನಮ್ಮ ಮನೆಗೆ ಬರುವಾಗ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಎರಡು ಸ್ಪ್ಯಾನರ್, ಕಬ್ಬಿಣ ಉಜ್ಜುವ ಒಂದು ಅರ ತಂದಿದ್ದಳು. ಬೀಸುವ ಕಲ್ಲಿನ ಗೂಟ ಸಡಿಲವಾಗಲಿ, ಸೀಮೆಎಣ್ಣೆ ಸ್ಟೌವಿನ ಪಿನ್ನು ಕಟ್ಟಿಕೊಳ್ಳಲಿ, ಯಾರೂ ಹೇಳದೆ ಸರಿಮಾಡಿ ಇಟ್ಟುಬಿಡುತ್ತಿದ್ದಳು. ಅವ್ವನಿಗೆ ಅದು ಒಳಗೊಳಗೇ ಇಷ್ಟ. ಅಜ್ಜಿಗೆ ಮಾತ್ರ ಹೆಣ್ಣಿನ ಕೈಯಲ್ಲಿ ಸ್ಪ್ಯಾನರ್ ಕಂಡರೆ ಮೈ ಉರಿಯುತ್ತಿತ್ತು. ನನಗೆ ಆಗ ಹನ್ನೆರಡು. ಚಿಕ್ಕಮ್ಮನ ಸೆರಗು ಬಿಟ್ಟು ಇರುತ್ತಿರಲಿಲ್ಲ.

ಬ್ಯಾರನ್ನನ್ನು ನೋಡದವರಿಗೆ ಎರಡು ಮಾತು ಹೇಳಬೇಕು. ಅದು ಕಿಟಕಿಯಿಲ್ಲದ ಎತ್ತರದ ಕೋಣೆ. ಮೇಲೆ ಅಡ್ಡ ಮರಗಳ ಸಾಲು, ಅದಕ್ಕೆ ಹಸಿ ಸೊಪ್ಪು ಕಟ್ಟಿದ ಕಡ್ಡಿಗಳನ್ನು ತೂಗುಹಾಕುತ್ತಾರೆ. ಒಲೆ ಹೊರಗಡೆ. ಒಲೆಯ ಬಿಸಿ ದಪ್ಪ ತಗಡಿನ ಕೊಳವೆಯೊಳಗೆ ಹಾದು, ಕೋಣೆಯ ನೆಲವನ್ನೆಲ್ಲ ಒಂದು ಸುತ್ತು ಹಾಕಿ, ಚಿಮಣಿಯಲ್ಲಿ ಹೊರಗೆ ಹೋಗಬೇಕು. ಸೊಪ್ಪಿಗೆ ಬಿಸಿ ತಾಗಬೇಕು, ಹೊಗೆಯೂ ಕಿಡಿಯೂ ತಾಗಬಾರದು. ಮೊದಲೆರಡು ದಿನ ಸಣ್ಣ ಬೆಂಕಿ, ಸೊಪ್ಪು ಹಳದಿಯಾಗಲು. ಕೊನೆಯ ದಿನಗಳಲ್ಲಿ ಎಲೆಯ ದಂಟು ಒಣಗಲು ದೊಡ್ಡ ಬೆಂಕಿ. ಆಗ ಒಲೆಯ ಬಳಿಯ ಕೊಳವೆ ಕೆಂಡದಂತೆ ಕೆಂಪಾಗುತ್ತದೆ.

ಆ ವರ್ಷ ಸೊಪ್ಪು ಮುರಿಯುವ ಹೊತ್ತಿಗೆ ಕೊಳವೆ ಎರಡು ಕಡೆ ಜೋಡಣೆಯಲ್ಲಿ ಬಾಯಿಬಿಟ್ಟಿತ್ತು. ಒಂದು ಒಲೆಯ ಹತ್ತಿರ, ಇನ್ನೊಂದು ಚಿಮಣಿಯ ಹತ್ತಿರ. ವೆಲ್ಡಿಂಗ್ ಮಾಡುವವನು ಬಂದು ನೋಡಿ, ತಗಡು ತುಕ್ಕು ಹಿಡಿದು ತೆಳ್ಳಗಾಗಿದೆ, ಬೆಂಕಿ ತಾಗಿಸಿದರೆ ತೂತು ದೊಡ್ಡದಾಗುತ್ತದೆ ಎಂದು ಹೊರಟುಹೋದ. ಜೋಡಣೆಯ ಮೇಲೆ ಕಬ್ಬಿಣದ ಪಟ್ಟಿ ಸುತ್ತಿ ಬೋಲ್ಟು ಹಾಕೋಣವೆಂದರೆ ಕೊಳವೆಯ ಒಳಗೆ ಕೈ ಹೋಗುವುದಿಲ್ಲ; ಹೊರಗಿನಿಂದ ಬೋಲ್ಟು ತಿರುಗಿಸಿದರೆ ಒಳಗೆ ನಟ್ಟು ಹಿಡಿಯುವವರು ಯಾರು? ಅಪ್ಪನೂ ಚಿಕ್ಕಪ್ಪನೂ ಎರಡು ದಿನ ಇದನ್ನೇ ಮಾತಾಡಿದರು. ಮೂರನೆಯ ದಿನ ಚಿಕ್ಕಮ್ಮ ಅವ್ವನ ಮೂಲಕ ಅಪ್ಪನಿಗೆ ಹೇಳಿಕಳಿಸಿದಳು. ಬಸ್ಸಿಗೆ ಬಾಡಿ ಕಟ್ಟುವವರ ಹತ್ತಿರ ಒಂದು ಥರದ ನಟ್ಟು ಇರುತ್ತದೆ, ಹೊರಗಿನಿಂದಲೇ ಕೂರಿಸಬಹುದು, ಹುಣಸೂರಿನಲ್ಲಿ ಕೇಳಿ ನೋಡಿ ಎಂದು.

ಅಪ್ಪ ತಂದದ್ದು ಒಂದು ಕಾಗದದ ಪೊಟ್ಟಣ. ಅದರಲ್ಲಿ ನಾಲ್ಕು ಕಪ್ಪು ನಟ್ಟು, ಐದು ಬಿಳಿ ನಟ್ಟು. ಒಂದೊಂದೂ ಬೆರಳ ಗೆಣ್ಣಿನಷ್ಟುದ್ದದ ಕೊಳವೆ, ಒಳಗೆ ಬೋಲ್ಟು ತಿರುಗಿ ಕೂರುವ ಸುರುಳಿ ಗೆರೆ, ಅಂದರೆ ಮರೆ, ಒಂದು ತುದಿಗೆ ಸುತ್ತ ಅಂಚು. ಅಜ್ಜಿ ಅದನ್ನು ಕೈಲಿ ಹಿಡಿದು ನೋಡಿ, ಇದೇನು ಪೊಲೀಸಿನವನ ಟೋಪಿ ಇದ್ದಂಗದೆ ಎಂದಿದ್ದಕ್ಕೆ ಮನೆಯಲ್ಲಿ ಅದರ ಹೆಸರು ಟೋಪಿ ನಟ್ಟು ಎಂದೇ ಆಯಿತು. ಅಂಗಡಿಯವನ ಬಳಿ ಕಬ್ಬಿಣದ್ದು ನಾಲ್ಕೇ ಉಳಿದಿತ್ತಂತೆ, ಮಿಕ್ಕವು ಅಲ್ಯುಮಿನಿಯಂ. ಕೂರಿಸುವ ಕೈಯಂತ್ರವನ್ನು ಅವನು ಕೊಡಲಿಲ್ಲ. ಚಿಕ್ಕಮ್ಮ ಪೊಟ್ಟಣವನ್ನು ನನ್ನ ಮುಂದೆ ಬಿಚ್ಚಿ ಹೇಳಿದ್ದು ನನಗೆ ಈಗಲೂ ಅದೇ ದನಿಯಲ್ಲಿ ಕೇಳಿಸುತ್ತದೆ.

"ಕರೀದು ಒಲೆ ತಾವ, ಬಿಳೀದು ಚಿಮಣಿ ತಾವ. ಬಿಳೀದು ಮೆತ್ಗೆ ಕಣಮ್ಮಿ, ಬೆಂಕಿ ತಡೆಯಲ್ಲ. ಅದಲುಬದಲು ಮಾಡ್ಬುಟ್ಟೀಯ."

ಕೈಯಂತ್ರ ಇಲ್ಲದ್ದಕ್ಕೆ ಅವಳು ಒಂದು ಉಪಾಯ ಮಾಡಿದಳು. ಉದ್ದನೆಯ ಬೋಲ್ಟಿಗೆ ತಲೆಯವರೆಗೂ ಒಂದು ಮಾಮೂಲಿ ನಟ್ಟು ತಿರುಗಿಸಿದಳು. ಅದರ ಕೆಳಗೆ ಎರಡು ವಾಷರು, ನಡುವೆ ಹರಳೆಣ್ಣೆ. ಆ ಬೋಲ್ಟಿನ ತುದಿಗೆ ಟೋಪಿ ನಟ್ಟನ್ನು ಸಿಕ್ಕಿಸಿ, ಕೊಳವೆಗೆ ಕೊರೆದ ತೂತಿನಲ್ಲಿ ಅಂಚಿನವರೆಗೂ ಇಳಿಬಿಟ್ಟಳು. ಈಗ ಒಬ್ಬರು ಬೋಲ್ಟಿನ ತಲೆಯನ್ನು ಸ್ಪ್ಯಾನರಿನಲ್ಲಿ ಹಿಡಿದು ಅಲುಗಾಡದಂತೆ ಕೂರಬೇಕು. ಇನ್ನೊಬ್ಬರು ಮಾಮೂಲಿ ನಟ್ಟನ್ನು ಕೆಳಕ್ಕೆ ಬಿಗಿಯುತ್ತ ಬರಬೇಕು. ಬಿಗಿದಷ್ಟೂ ಬೋಲ್ಟು ಮೇಲಕ್ಕೆ ಎಳೆಯುತ್ತದೆ, ಒಳಗಿರುವ ಟೋಪಿ ನಟ್ಟಿನ ಸೊಂಟ ಕುಸಿದು ತಗಡಿನ ಹಿಂದೆ ಉಬ್ಬಿಕೊಂಡು ಕಚ್ಚಿಕೊಳ್ಳುತ್ತದೆ. ಆಮೇಲೆ ಬೋಲ್ಟು ಬಿಚ್ಚಿ ತೆಗೆದರೆ ನಟ್ಟು ತಗಡಿನಲ್ಲೇ ಉಳಿಯುತ್ತದೆ. ತಲೆ ಹಿಡಿದವರ ಕೈ ಜಾರಿದರೆ ಮುಗಿಯಿತು, ಬೋಲ್ಟು ಸುತ್ತಿ ಒಳಗಿನ ಮರೆ ಹಾಳು. ತಲೆ ಹಿಡಿಯುವ ಕೆಲಸ ನನ್ನದು.

ಚಿಮಣಿಯ ಕಡೆಯ ನಾಲ್ಕನ್ನು ಒಂದು ಬೆಳಿಗ್ಗೆ ಕೂರಿಸಿದೆವು. ಕೊಳವೆ ಮೊಣಕಾಲೆತ್ತರ, ಮಣ್ಣಿನ ನೆಲದಲ್ಲಿ ಮಲಗಿ ಕೆಲಸ. ಹಳೆಯ ಬೂದಿ, ಹಳೆಯ ಸೊಪ್ಪಿನ ಧೂಳು ಕಣ್ಣಿಗೆ, ಮೂಗಿಗೆ. ಚಿಕ್ಕಮ್ಮ ಪ್ರತಿ ಕಾಲು ಸುತ್ತಿಗೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದಳು. ನಟ್ಟು ಕುಸಿಯುವಾಗ ಕೈಗೆ ಒಂದು ಮೆತ್ತನೆ ಬರುತ್ತದೆ, ಆಮೇಲೆ ಗಟ್ಟಿ. ಗಟ್ಟಿ ಬಂದ ಕೂಡಲೇ ನಿಲ್ಲಿಸಬೇಕು ಎಂದು ಕಲಿಸಿದಳು. ಅದು ನನ್ನ ಮೊದಲ ಪಾಠ ಎಂದರೆ ತಪ್ಪಲ್ಲ. ಶಾಲೆಯಲ್ಲಿ ಅಲ್ಲಿಯವರೆಗೆ ನನಗೆ ಕಾಪಿ ಬರೆಯುವುದನ್ನು ಮಾತ್ರ ಕಲಿಸಿದ್ದರು.

ಒಲೆಯ ಕಡೆಯ ಕೆಲಸ ಬ್ಯಾರನ್ನು ತುಂಬುವ ದಿನಕ್ಕೇ ಉಳಿಯಿತು. ಹೊರಗೆ ಜಗಲಿಯಲ್ಲಿ ಆಳುಗಳು ಸೊಪ್ಪು ಕಟ್ಟುತ್ತಿದ್ದರು. ಮುರಿದ ಸೊಪ್ಪು ಕಾಯುವುದಿಲ್ಲ, ಮಧ್ಯಾಹ್ನದೊಳಗೆ ಏರಿಸಲೇಬೇಕು. ಮೂರು ಕಪ್ಪು ನಟ್ಟು ಕೂತವು. ನಾಲ್ಕನೆಯದಕ್ಕೆ ಬೋಲ್ಟು ಸಿಕ್ಕಿಸಿ ಇಳಿಬಿಟ್ಟ ಮೇಲೆ ಚಿಕ್ಕಮ್ಮ ಥಟ್ಟನೆ ಎದ್ದು ನಿಂತಳು. ಸೀರೆಯ ಹಿಂಭಾಗವನ್ನು ಮುಂದಕ್ಕೆಳೆದು ನೋಡಿಕೊಂಡಳು. ಅವಳ ಮುಖ ನೋಡಿಯೇ ನನಗೆ ಗೊತ್ತಾಯಿತು. ನಾನಿನ್ನೂ ಮೈನೆರೆದಿರಲಿಲ್ಲ, ಆದರೆ ಮುಟ್ಟಾದಾಗ ಅವ್ವ ಹೊರಗೆ ಕೂರುವುದನ್ನು ಪ್ರತಿ ತಿಂಗಳೂ ಕಂಡವಳು. ಅಂಥ ಹೊತ್ತಲ್ಲಿ ಹೆಂಗಸರು ಬ್ಯಾರನ್ನಿನ ನೆರಳಿಗೂ ಹೋಗುತ್ತಿರಲಿಲ್ಲ. ಹೋದರೆ ಸೊಪ್ಪು ಕಪ್ಪಾಗುತ್ತದೆ ಎಂಬುದರಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ.

"ಬಟ್ಟೆ ಹಾಕ್ಕೊಂಡು ಬತ್ತೀನಿ. ಯಾರ್ಗೂ ಏಳ್ಬೇಡ ಕಣಮ್ಮಿ, ಒಂದು ನಟ್ಟು ಉಳ್ದದೆ ಅಷ್ಟೆ. ನೀನು ಮುಟ್ಬೇಡ ಅದ್ನ."

ನಾನು ಮುಟ್ಟಿದೆ. ಅವಳು ಬರುವುದರೊಳಗೆ ಮುಗಿಸಿ ಶಭಾಷ್ ಅನ್ನಿಸಿಕೊಳ್ಳುವ ಆಸೆ. ಬೋಲ್ಟಿನ ತಲೆಯ ಸ್ಪ್ಯಾನರನ್ನು ಮೊಣಕಾಲಿನಲ್ಲಿ ಒತ್ತಿ ಹಿಡಿದು, ಇನ್ನೊಂದನ್ನು ಎರಡೂ ಕೈಯಲ್ಲಿ ತಿರುಗಿಸಿದೆ. ಅರ್ಧಕ್ಕೆ ಮೊಣಕಾಲು ಜಾರಿತು. ಬೋಲ್ಟು ಗರಗರ ಸುತ್ತಿತು. ಮರೆ ಕಿತ್ತುಬಂದ ಸಣ್ಣ ಸಣ್ಣ ಕಬ್ಬಿಣದ ಪುಡಿ ಹರಳೆಣ್ಣೆಯಲ್ಲಿ ಮಿನುಗುತ್ತಿತ್ತು. ಹೊರಗೆ ಅಜ್ಜಿ ತೆಂಗಿನಕಾಯಿ ತನ್ನಿ ಎಂದು ಕೂಗುತ್ತಿದ್ದಳು. ನಾನು ಉಳಿಯಿಂದ ಆ ನಟ್ಟನ್ನು ಹೊಡೆದು ಕೊಳವೆಯೊಳಕ್ಕೆ ಬೀಳಿಸಿ, ಪೊಟ್ಟಣದಲ್ಲಿ ಉಳಿದಿದ್ದ ಒಂದು ಬಿಳಿ ನಟ್ಟನ್ನು ಅದೇ ತೂತಿಗೆ ಇಳಿಬಿಟ್ಟೆ. ಬಿಳಿಯದು ಬೆಣ್ಣೆಯ ಹಾಗೆ ಕೂತಿತು. ಪಟ್ಟಿ ಸುತ್ತಿ ಬೋಲ್ಟು ಬಿಗಿದುಬಿಟ್ಟರೆ ಮೇಲಿನಿಂದ ಯಾವುದೂ ಕಾಣಿಸುವುದಿಲ್ಲ. ಚಿಕ್ಕಮ್ಮ ಬಂದು ನೋಡಿ ನನ್ನ ಕೆನ್ನೆ ಚಿವುಟಿದಳು.

ತುಂಬುವ ಮುನ್ನ ಅಜ್ಜಿ ಬ್ಯಾರನ್ನಿನ ಬಾಗಿಲಿಗೆ ವಿಭೂತಿಯ ಮೂರು ಗೆರೆ ಎಳೆದು, ಮನೆಯ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೇಳುವುದು ವಾಡಿಕೆ. ಅವ್ವನನ್ನು ಕೇಳಿದಳು, ಒಳಗಿದ್ದೀಯ? ಹೊರಗೆ ಕೂತಿಲ್ಲ ತಾನೆ ಎಂದರ್ಥ. ಅವ್ವ ಹೂಂ ಅಂದಳು. ಚಿಕ್ಕಮ್ಮನನ್ನು ಕೇಳಿದಳು. ಚಿಕ್ಕಮ್ಮ ನನ್ನ ಕಡೆ ನೋಡದೆ ಹೂಂ ಅಂದಳು. ಅವಳ ಸುಳ್ಳು ನನಗೆ ಗೊತ್ತಿತ್ತು; ನನ್ನದು ಅವಳಿಗೆ ಗೊತ್ತಿರಲಿಲ್ಲ. ಒಲೆಗೆ ಕರ್ಪೂರ ಹಚ್ಚಿದರು.

ನಾಲ್ಕು ದಿನ ಏನೂ ಆಗಲಿಲ್ಲ. ಸೊಪ್ಪು ಚೆನ್ನಾಗಿ ಹಳದಿಗೆ ತಿರುಗಿತು, ಅಪ್ಪ ಗೋಡೆಯ ಗಾಜಿನ ಕಿಂಡಿಯಲ್ಲಿ ನೋಡಿ ನೋಡಿ ಬರುತ್ತಿದ್ದ. ಐದನೆಯ ದಿನ ದೊಡ್ಡ ಬೆಂಕಿ ಹಾಕಿದರು. ಮಧ್ಯಾಹ್ನ ನಾವು ಉಣ್ಣಲು ಕೂತಿದ್ದೆವು, ಮುದ್ದೆ, ಹುರುಳಿಕಾಳಿನ ಬಸ್ಸಾರು. ಗೋಡೆಯ ಆಚೆ ತಗಡು ನೆಲಕ್ಕೆ ಬಡಿದ ಸದ್ದಾಯಿತು. ಅಪ್ಪ ಎಂಜಲು ಕೈಯಲ್ಲೇ ಓಡಿದ. ಒಲೆಯ ಬಳಿಯ ಪಟ್ಟಿ ಒಂದು ಕಡೆ ಬಿಟ್ಟುಕೊಂಡು, ಜೋಡಣೆ ಬಾಯಿತೆರೆದು, ಕಿಡಿ ನೆಲದ ಮೇಲೆ ಉದುರಿದ್ದ ಒಣ ಸೊಪ್ಪಿಗೆ ಬಿದ್ದಿತ್ತು. ಚಿಕ್ಕಪ್ಪ ಒಲೆಯ ಸೌದೆಯನ್ನೆಲ್ಲ ಹೊರಗೆಳೆದು ಹಾಕಿದ. ಊರವರು ಬಾವಿಯಿಂದ ನೀರು ಹೊತ್ತರು. ಸಂಜೆಗೆ ಬೆಂಕಿ ಆರಿತು. ಕೆಳಗಿನ ಸಾಲುಗಳು ಬೂದಿ, ಮೇಲಿನವು ಹೊಗೆ ಹಿಡಿದು ಕಪ್ಪು. ಒಂದು ಮೂಲೆಯ ಹೆಂಚು ಕುಸಿದಿತ್ತು. ಅವ್ವ ಅಡುಗೆಮನೆಗೆ ಹೋಗಿ ನಾವು ಬಿಟ್ಟೆದ್ದ ತಟ್ಟೆಗಳನ್ನು ಒಂದೊಂದಾಗಿ ತೊಳೆದಿಟ್ಟಳು. ಯಾರೂ ಅಳಲಿಲ್ಲ.

ಮಾರನೆಯ ದಿನ ಅಜ್ಜಿ ಹಿತ್ತಿಲ ಬೇಲಿಯ ಮೇಲೆ ಒಣಹಾಕಿದ್ದ ಬಟ್ಟೆ ಕಂಡಳು. ಬಟ್ಟೆಯನ್ನು ಕೋಲಿನ ತುದಿಯಲ್ಲಿ ಎತ್ತಿಕೊಂಡು ಬಂದು ನಡುಮನೆಯಲ್ಲಿ ಹಾಕಿದಳು. ಯಾರದ್ದು, ಯಾವತ್ತಿನಿಂದ ಎಂದು ಕೇಳಿದಳು. ಚಿಕ್ಕಮ್ಮ ಮುಚ್ಚಿಡಲಿಲ್ಲ. ತುಂಬಿದ ದಿನವೇ ಆದದ್ದು, ಒಂದು ನಟ್ಟು ಉಳಿದಿತ್ತು, ಸೊಪ್ಪು ಕಾಯುತ್ತಿತ್ತು ಎಂದಳು. ಅಜ್ಜಿ ಕೂಗಲಿಲ್ಲ, ಅದೇ ಸಣ್ಣ ಗಂಟಲು.

"ಇವ್ಳ್ನ ಅವ್ರಪ್ಪನ್ ಮನೆಗೆ ಬುಟ್ಬಾ. ಈ ಮನೆಲಿ ಇನ್ನ ಸ್ಪ್ಯಾನರ್ ಇಡಿಯೋ ಎಂಗಸ್ರು ಬ್ಯಾಡ."

ಚಿಕ್ಕಪ್ಪ ಗೋಡೆ ನೋಡುತ್ತ ನಿಂತಿದ್ದ. ನಾನು ಕಂಬದ ಹಿಂದೆ ಇದ್ದೆ. ಹೇಳಬೇಕಾಗಿದ್ದ ಮಾತು ನನ್ನ ಬಾಯಲ್ಲೇ ಇತ್ತು, ಅಗಿಯದ ಮುದ್ದೆಯಂತೆ, ನುಂಗಲೂ ಇಲ್ಲ, ಉಗಿಯಲೂ ಇಲ್ಲ. ಮರುದಿನ ಬೆಳಿಗ್ಗೆ ಚಿಕ್ಕಮ್ಮ ಟ್ರಂಕು ಹಿಡಿದು ಚಿಕ್ಕಪ್ಪನ ಹಿಂದೆ ಬಸ್ಸಿಗೆ ನಡೆದಳು. ಹೋಗುವಾಗ ಎರಡೂ ಸ್ಪ್ಯಾನರನ್ನು ನನ್ನ ಚಾಪೆಯ ಮೇಲೆ ಇಟ್ಟು ಹೋಗಿದ್ದಳು. ಅದನ್ನು ನೋಡಿ ನಾನು ಹೊಟ್ಟೆನೋವು ಎಂದು ಸುಳ್ಳು ಹೇಳಿ ದಿನವೆಲ್ಲ ಮಲಗಿದ್ದೆ.

ಬ್ಯಾರನ್ನು ತಣ್ಣಗಾಗಲು ಎರಡು ದಿನ ಬೇಕಾಯಿತು. ಆಮೇಲೆ ಒಳಗೆ ಹೋಗಿ ನೋಡಿದೆ. ಒಲೆಯ ಬಳಿಯ ಮೂರು ಕಪ್ಪು ನಟ್ಟು ಕಚ್ಚಿಕೊಂಡೇ ಇದ್ದವು, ಅವುಗಳ ಬೋಲ್ಟು ವಾಲಿದ್ದವು ಅಷ್ಟೆ. ನಾಲ್ಕನೆಯ ತೂತಿನಲ್ಲಿ ಏನೂ ಇರಲಿಲ್ಲ. ಅದರ ಕೆಳಗೆ ಕೊಳವೆಯ ಮೈಗೆ ಬಿಳಿಯ ಹನಿಯೊಂದು ಇಳಿದು ಗಟ್ಟಿಯಾಗಿ ಅಂಟಿತ್ತು. ಅದನ್ನು ಉಗುರಿನಿಂದ ಕಿತ್ತುಕೊಂಡು ಹೋಗಿ, ಎಲ್ಲರೂ ಉಣ್ಣುವಾಗ ಅಜ್ಜಿಯ ತಟ್ಟೆಯ ಪಕ್ಕದಲ್ಲಿಟ್ಟೆ. ಮರೆ ಕೆಡಿಸಿದ್ದು, ಬಿಳಿಯದನ್ನು ಹಾಕಿದ್ದು, ಚಿಕ್ಕಮ್ಮ ಮುಟ್ಟಬೇಡ ಅಂದದ್ದು, ಎಲ್ಲ ಹೇಳಿದೆ. ಅಪ್ಪ ಉಣ್ಣುವುದನ್ನು ನಿಲ್ಲಿಸಿದ. ಅಜ್ಜಿ ನಿಲ್ಲಿಸಲಿಲ್ಲ.

"ಅವ್ಳೇ ಏಳ್ಕೊಟ್ಟವ್ಳೆ ಇದ್ನ. ಚಿಕ್ಕಮ್ಮ ಅಂದ್ರೆ ಪಿರಾಣ ಇದ್ಕೆ. ಉಣ್ಣಮ್ಮಿ ಸುಮ್ನೆ."

ತಪ್ಪು ಒಪ್ಪಿಕೊಂಡರೆ ಏಟು ಬೀಳುತ್ತದೆ ಎಂದು ಹೆದರಿದ್ದೆ. ಯಾರೂ ನಂಬದೆ ಹೋಗುತ್ತಾರೆ ಎಂದು ಹೆದರಿರಲಿಲ್ಲ. ಅದು ಏಟಿಗಿಂತ ಜಾಸ್ತಿ ನೋಯಿಸಿತು. ಹೇಳಿದರೆ ಸಾಲದು, ತೋರಿಸಬೇಕು ಎಂದು ಆಗ ಹೊಳೆಯಿತು. ಉಣ್ಣುವುದನ್ನು ಬಿಟ್ಟು ಎದ್ದು, ಸುಟ್ಟ ಬ್ಯಾರನ್ನಿನ ಚಿಮಣಿಯ ಕಡೆಯಿಂದ ಒಂದು ಬಿಳಿ ನಟ್ಟು, ಒಲೆಯ ಕಡೆಯಿಂದ ಒಂದು ಕಪ್ಪು ನಟ್ಟು ಉಳಿಯಲ್ಲಿ ಎಬ್ಬಿ ತಂದೆ. ಅವ್ವ ಹೊತ್ತಿಸಿದ್ದ ಒಲೆಯ ಕೆಂಡದ ನಡುವೆ ಒಂದು ಹೆಂಚಿನ ಚೂರಿಟ್ಟು ಎರಡನ್ನೂ ಅದರ ಮೇಲಿಟ್ಟೆ. ಊದುಗೊಳವೆ ಹಿಡಿದು ಊದತೊಡಗಿದೆ. ಕಣ್ಣಲ್ಲಿ ನೀರು ಬಂತು, ತಲೆ ತಿರುಗಿತು. ಅವ್ವ ನನ್ನ ಕೈಯಿಂದ ಊದುಗೊಳವೆ ತೆಗೆದುಕೊಂಡು ತಾನು ಊದಿದಳು. ಎಷ್ಟೋ ಹೊತ್ತು ಎರಡೂ ಹಾಗೇ ಇದ್ದವು. ಆಮೇಲೆ ಬಿಳಿಯದು ಮೊದಲು ಸುಕ್ಕುಗಟ್ಟಿತು, ಸೊಂಟ ಬಾಗಿತು, ಒಮ್ಮೆಲೇ ಕರಗಿ ಹೆಂಚಿನ ಮೇಲೆ ಪಾದರಸದಂತೆ ದುಂಡಗಾಯಿತು. ಕಪ್ಪು ನಟ್ಟು ಕೆಂಪಗೆ ಹೊಳೆಯುತ್ತ ನಿಂತೇ ಇತ್ತು. ಅಜ್ಜಿ ಬಗ್ಗಿ ನೋಡಿದಳು. ತಟ್ಟೆಯ ಪಕ್ಕ ನಾನಿಟ್ಟಿದ್ದ ಹನಿಯನ್ನು ತಂದು ಇದರ ಪಕ್ಕ ಹಿಡಿದು ನೋಡಿದಳು.

"ಆದ್ರೂ ಅವ್ಳು ಒರ್ಗಾಗಿದ್ದು ಆಗಿದ್ದೇ ಅಲ್ವ," ಎಂದು ಕೊನೆಗೆ ಹೇಳಿ, ಎದ್ದು ಕೈ ತೊಳೆಯಲು ಹೋದಳು.

ಅಷ್ಟೇ. ನಾನು ಅಂದುಕೊಂಡಿದ್ದಂತೆ ಏನೂ ಆಗಲಿಲ್ಲ. ಆದರೆ ಅಪ್ಪ ಮರುದಿನವೇ ಸಾಲಿಗ್ರಾಮಕ್ಕೆ ಹೋದ. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಸಂಜೆ ಬಸ್ಸಿಗೆ ಚಿಕ್ಕಮ್ಮ ಅವನ ಜೊತೆ ಇಳಿದಳು, ತಲೆಯ ಮೇಲೆ ತವರಿನ ಅಕ್ಕಿಯ ಗಂಟು. ಅಜ್ಜಿ ಅಕ್ಕಿ ಇಳಿಸಿಕೊಂಡು, ಕೈಕಾಲು ತೊಳ್ಕೊ ಅಂದಳು. ಅದಕ್ಕಿಂತ ಹೆಚ್ಚಿನ ಕ್ಷಮೆ ನಮ್ಮ ಮನೆಯಲ್ಲಿ ನಾನು ಕಂಡಿಲ್ಲ. ಹಿತ್ತಿಲಲ್ಲಿ ನಾನು ಚಿಕ್ಕಮ್ಮನ ಕಾಲು ಹಿಡಿಯಲು ಹೋದರೆ ಅವಳು ಕಾಲು ಹಿಂದಕ್ಕೆಳೆದುಕೊಂಡಳು. ಅವಳಿಗೆ ದಾರಿಯಲ್ಲೇ ಅಪ್ಪ ಎಲ್ಲ ಹೇಳಿದ್ದ.

"ನೀನು ನಿಜಾನ ತಡವಾಗಿ ಏಳ್ದೆ. ಏಳ್ದಲ್ಲ, ಬುಡು," ಎಂದಳು. ಸಿಟ್ಟಿರಲಿಲ್ಲ, ಪ್ರೀತಿಯೂ ಇರಲಿಲ್ಲ. ಬಸ್ಸಿನಲ್ಲಿ ನಿಂತು ಬಂದವರ ದನಿ ಅದು.

ಆಮೇಲೆ ಅವಳು ಬ್ಯಾರನ್ನಿನೊಳಗೆ ಕಾಲಿಡಲಿಲ್ಲ. ಸ್ಪ್ಯಾನರ್ ಕೊಡಲು ಹೋದೆ, ಮುಟ್ಟಲಿಲ್ಲ. ಜಗಲಿಯಲ್ಲಿ ಕೂತು ಆಳುಗಳ ಜೊತೆ ಸೊಪ್ಪು ಕಟ್ಟುತ್ತಿದ್ದಳು, ಎಲ್ಲರಿಗಿಂತ ವೇಗವಾಗಿ, ತಲೆಯೆತ್ತದೆ. ಮುದ್ದೆಯನ್ನು ನುಂಗುವುದನ್ನೂ ಅದೇ ವರ್ಷ ಕಲಿತಳು. ಅವಳು ನುಂಗುವುದನ್ನು ನೋಡಿದಾಗಲೆಲ್ಲ ನನ್ನ ತುತ್ತು ನಿಂತುಬಿಡುತ್ತಿತ್ತು.

ಮರುವರ್ಷ ಅಪ್ಪ ಹೊಸ ಕಪ್ಪು ನಟ್ಟು ತಂದ, ಎಂಟೂ ಕಬ್ಬಿಣದ್ದು. ಕೂರಿಸುವವರು ನನ್ನ ಬಿಟ್ಟರೆ ಯಾರೂ ಇರಲಿಲ್ಲ. ಬೋಲ್ಟಿನ ತಲೆ ಹಿಡಿಯಲು ಚಿಕ್ಕಪ್ಪನನ್ನು ಕೂರಿಸಿಕೊಂಡು, ಕೈಗೆ ಗಟ್ಟಿ ಬಂದ ಕೂಡಲೇ ನಿಲ್ಲಿಸುತ್ತ, ಎರಡು ದಿನದಲ್ಲಿ ಮುಗಿಸಿದೆ. ಒಂದೂ ಕೆಡಲಿಲ್ಲ. ಅಷ್ಟರಲ್ಲಿ ನಾನು ಮೈನೆರೆದು, ಮೈನೆರೆದವರಿಗೆಂದು ಹಸಿರೆಲೆಯಲ್ಲಿ ಕಟ್ಟುವ ಗುಡಿಸಲಲ್ಲಿ ಕೂತು, ಆರತಿ ಎತ್ತಿಸಿಕೊಂಡು ನಾಲ್ಕು ತಿಂಗಳಾಗಿತ್ತು. ಶಾಲೆ ಬಿಡಿಸಿ ಗಂಡು ಹುಡುಕುವ ಮಾತು ಮನೆಯಲ್ಲಿ ಎದ್ದಿತ್ತು. ನಟ್ಟು ಕೂರಿಸಲು ಇವಳು ಬೇಕಲ್ಲ, ಓದಿಕೊಂಡಾದರೂ ಮನೆಯಲ್ಲಿರಲಿ ಎಂದು ಅದನ್ನು ತಳ್ಳಿಹಾಕಿದವಳು ಅಜ್ಜಿಯೇ. ನನ್ನ ಓದಿಗೆ ದಾರಿಯಾದದ್ದು ಇಷ್ಟರಿಂದ.

ತುಂಬುವ ದಿನ ಬೆಳಿಗ್ಗೆ ಎದ್ದಾಗಲೇ ನನ್ನ ಕಿಬ್ಬೊಟ್ಟೆ ಹಿಂಡುತ್ತಿತ್ತು. ಹಿತ್ತಿಲ ಮರೆಯಲ್ಲಿ ಚಿಕ್ಕಮ್ಮನಿಗೆ ಹೇಳಿದೆ. ಅವಳು ಹಳೆಯ ಸೀರೆಯ ತುಂಡೊಂದನ್ನು ಹರಿದು ಕೊಟ್ಟಳು. ಬ್ಯಾರನ್ನಿನ ಬಾಗಿಲ ಬಳಿ ಅಜ್ಜಿ ವಿಭೂತಿಯ ತಟ್ಟೆ ಹಿಡಿದು ನಿಂತಿದ್ದಳು. ಈ ಸಲ ಅವಳು ನೇರ ಬಾಗಿಲಿಗೆ ಗೆರೆ ಎಳೆಯಲಿಲ್ಲ. ಮೊದಲು ತಟ್ಟೆ ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಬಗ್ಗಿ ಒಳಗೆ ಬಂದಳು. ಒಲೆಯ ಬಳಿಯ ಪಟ್ಟಿಯ ನಾಲ್ಕು ಬೋಲ್ಟುಗಳನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು.

"ಕರೀದೇ ಏನಮ್ಮಿ ಹಾಕಿರೋದು?"

"ಕರೀದೇ ಕಣಜ್ಜಿ. ನಾಲ್ಕೂ."

ಸೊಂಟ ನೀವಿಕೊಂಡು ಎದ್ದಳು. ಬಾಗಿಲಿಗೆ ಬಂದು ಗೆರೆ ಎಳೆದಳು. ಅವ್ವನನ್ನು ಕೇಳಿದಳು, ಚಿಕ್ಕಮ್ಮನನ್ನು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಆ ಪ್ರಶ್ನೆ ನನಗೆ ಬಂದದ್ದು ಅದೇ ಮೊದಲು.

"ನೀನು? ಒಳಗಿದ್ದೀಯ?"

ಜಗಲಿಯಲ್ಲಿ ಚಿಕ್ಕಮ್ಮನ ಕೈಯ ದಾರ ನಿಂತಿತು. ಮೊದಲನೆಯ ಪ್ರಶ್ನೆಗೆ ನಿಜ ಹೇಳಿದ್ದೆ, ಬೆಂಕಿಗೆ ಬೇಕಾದದ್ದು ಅದೊಂದೇ ಎಂದು ನನಗೆ ಗೊತ್ತಿತ್ತು. ಹೂಂ ಒಳಗಿದ್ದೀನಿ ಎಂದೆ. ಅಜ್ಜಿ ಕರ್ಪೂರದ ತಟ್ಟೆಯನ್ನು ನನ್ನ ಕೈಗೇ ಕೊಟ್ಟು ಅಪ್ಪನಿಗೆ ತಲುಪಿಸಲು ಹೇಳಿದಳು. ತಲುಪಿಸಿದೆ.

ಏಳನೆಯ ದಿನ ಬಾಗಿಲು ತೆರೆದಾಗ ಸೊಪ್ಪು ಮಾಗಿದ ನಿಂಬೆಹಣ್ಣಿನ ಬಣ್ಣಕ್ಕೆ ಬಂದಿತ್ತು. ಅಜ್ಜಿ ಒಂದು ಎಲೆಯನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದಳು. ಅವಳ ಮುಖ ಅಷ್ಟು ಹಗುರಾದದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ನೋಡಮ್ಮಿ, ಈ ಸಲ ಯಾವ ಮೈಲ್ಗೆನೂ ಆಗ್ನಿಲ್ಲ. ಎಂಗ್ ಬಂದದೆ ನೋಡು."

ಚಿಕ್ಕಮ್ಮ ಹೊಸ್ತಿಲಾಚೆ ನಿಂತು ನನ್ನಿಂದ ಕಡ್ಡಿ ಇಳಿಸಿಕೊಳ್ಳುತ್ತಿದ್ದಳು. ನಾನು ಹೇಳಬಹುದಿತ್ತು. ಹನ್ನೆರಡರಲ್ಲಾದರೆ ಹೇಳಿ, ತೋರಿಸಿ, ಮತ್ತೊಮ್ಮೆ ಊದುಗೊಳವೆ ಹಿಡಿಯುತ್ತಿದ್ದೆನೇನೋ. ಅಜ್ಜಿಗೆ ವಯಸ್ಸಾಗಿತ್ತು, ಇಳಿಸಬೇಕಾದ ಕಡ್ಡಿಗಳು ಇನ್ನೂ ನೂರಾರು ಇದ್ದವು.

"ಇಲ್ಲ ಕಣಜ್ಜಿ, ಆಗ್ನಿಲ್ಲ," ಎಂದು ಹೇಳಿ ಮುಂದಿನ ಕಡ್ಡಿಗೆ ಕೈ ಚಾಚಿದೆ.